ಜಾತ್ರೆ ಮಿಠಾಯಿಗೆ ಈ ರೇಟಾ? ದೊಡ್ಡದಾಗಿ 120 ಅಂತ ಬೋರ್ಡ್, ಬಿಲ್ ಮಾತ್ರ 780

ಕಡ್ಲೆಪುರಿ_ತುಮಕೂರು:
ಹೋದ ವಾರ ಪಕ್ಕದ ತಾಲೂಕಿನ ಜಾತ್ರೆಗೆ ಮನೆಯವರೆಲ್ಲ ಹೋಗಿದ್ದೆವು. ಊರಿನ ಹೆಸರು ಬೇಡ, ದೇವರಿಗೂ ಇದಕ್ಕೂ ಸಂಬಂಧ ಇಲ್ಲ. ತೇರಿಗೆ ಹಣ್ಣು ದವನ ಎಸೆದು, ಬರುವಾಗ ಎಲ್ಲರ ಹಾಗೆ ಮಿಠಾಯಿ ಅಂಗಡಿ ಸಾಲಿಗೆ ಬಂದೆವು. ಜಿಲೇಬಿ, ಬೆಂಡು, ಬತ್ತಾಸು, ಕಲ್ಯಾಣಸೇವೆ, ಬಣ್ಣ ಬಣ್ಣದ ರಾಶಿ. ಬೋರ್ಡಿನಲ್ಲಿ ದಪ್ಪಗೆ 120 ಅಂತ ಬರೆದಿತ್ತು. ಅಮ್ಮ "ಎಲ್ಲಾ ಸೇರಿಸಿ ಒಂದು ಕೆಜಿ ಕೊಡಪ್ಪ" ಅಂದರು. ಅರ್ಧ ಕೆಜಿ ಖಾರ, ಮಕ್ಕಳಿಗೆ ಎರಡು ಬೊಂಬಾಯಿ ಮಿಠಾಯಿ.

ಬಿಲ್ 780 ರೂಪಾಯಿ!

ಕೇಳಿದರೆ ಬೋರ್ಡಿನ ಮೂಲೆ ತೋರಿಸಿದ. ಇರುವೆ ಗಾತ್ರದಲ್ಲಿ ಕಾಲು ಕೆಜಿ ಅಂತ ಇದೆ. ಅಂದರೆ ಕೆಜಿಗೆ 480. ಖಾರ ಕೆಜಿಗೆ 400. ಬೊಂಬಾಯಿ ಮಿಠಾಯಿ ಒಂದಕ್ಕೆ 50. ಅಷ್ಟರಲ್ಲಿ ಪೊಟ್ಟಣ ಕಟ್ಟಿ ಅಮ್ಮನ ಕೈಗೆ ಕೊಟ್ಟಾಗಿತ್ತು, ಹಿಂದೆ ಜನ ನೂಕುತ್ತಿದ್ದರು. ಕೊಟ್ಟು ಬಂದೆವು.

ನಿಮ್ಮ ಕಡೆ ಏನು ನಡೀತಿದೆ? ಇದಕ್ಕೆಲ್ಲ ಕಾನೂನು ಅಂತ ಏನಾದರೂ ಇದೆಯಾ?

ಹಾಸನದ_ಹುರಿಗಾಳು:
ಕಾಲು ಕೆಜಿ ಬೋರ್ಡ್ ಈಗ ಎಲ್ಲಾ ಕಡೆ ಬಂದಿದೆ. ನಮ್ಮ ಕಡೆ ಇನ್ನೂ ಮುಂದುವರಿದು ನೂರು ಗ್ರಾಂ ರೇಟ್ ಹಾಕುತ್ತಾರೆ. "ಬರೀ 50 ರೂಪಾಯಿ" ಅನಿಸುತ್ತದೆ. ಲೆಕ್ಕ ಹಾಕಿದರೆ ಕೆಜಿಗೆ 500.

ಮಲ್ಲೇಶ್ವರಂ_ಅಜ್ಜಿಮೊಮ್ಮಗ:
ಬೊಂಬಾಯಿ ಮಿಠಾಯಿ ಲೆಕ್ಕ ಮಾತ್ರ ನನಗೆ ಅರಗುವುದೇ ಇಲ್ಲ. ಒಂದಕ್ಕೆ ಹಿಡಿಯುವ ಸಕ್ಕರೆ ಹೆಚ್ಚೆಂದರೆ 30 ಗ್ರಾಂ. ಸಕ್ಕರೆ ಕೆಜಿಗೆ 45 ಅಂತ ಇಟ್ಟುಕೊಂಡರೂ ಒಂದೂವರೆ ರೂಪಾಯಿ ಆಗಲ್ಲ. ಉಳಿದಿದ್ದು ಗಾಳಿ. ಗಾಳಿಗೆ 48 ರೂಪಾಯಿ!

ರಾಗಿಮುದ್ದೆ_ರಾಜ:
ಗುರು, ಗಾಳಿ ಜೊತೆ ಬಣ್ಣಾನೂ ಫ್ರೀ ಅಲ್ವಾ 😄

ಆಹಾರ_ಪರೀಕ್ಷೆ:
ಬಣ್ಣದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷೆ ಮಾಡಿದ 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತ ಅಂತ ಬಂದಿದ್ದವು. ಗುಲಾಬಿ ಬಣ್ಣಕ್ಕೆ ಕಾರಣ ರೋಡಮಿನ್ ಬಿ. ಅದು ಬಟ್ಟೆಗೆ ಹಾಕುವ ಬಣ್ಣ, ತಿನ್ನುವುದಲ್ಲ. ನಿಯಮ ಮೀರಿದರೆ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಆಗ ಆರೋಗ್ಯ ಸಚಿವರು ಹೇಳಿದ್ದರು. ಬಣ್ಣ ಹಾಕದ ಬಿಳಿ ಮಿಠಾಯಿಗೆ ಏನೂ ಅಡ್ಡಿ ಇಲ್ಲ. ಮಕ್ಕಳು ಹಟ ಮಾಡಿದರೆ ಬಿಳಿಯದನ್ನೇ ಕೊಡಿಸಿ. ರೇಟ್ ಹೇಗೂ ಒಂದೇ.

ಕಡ್ಲೆಪುರಿ_ತುಮಕೂರು:
ನಾವು ತಗೊಂಡಿದ್ದು ಗುಲಾಬಿಯದೇ. ಈಗ ದುಡ್ಡಿಗಿಂತ ಹೊಟ್ಟೆ ಚಿಂತೆ ಶುರುವಾಯಿತು.

ಜಾತ್ರೆ_ಅಂಗಡಿ_ಮಗ:
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಇನ್ನೊಂದು ಕಡೆಯದೂ ಕೇಳಿ. ನಮ್ಮಪ್ಪ ಜಾತ್ರೆ ಜಾತ್ರೆಗೆ ಮಿಠಾಯಿ ಅಂಗಡಿ ಹಾಕುತ್ತಿದ್ದರು. ಈಗ ಅಣ್ಣ ಹಾಕುತ್ತಾನೆ. ರಜೆ ಇದ್ದಾಗ ನಾನೂ ತಕ್ಕಡಿ ಹಿಡಿಯುತ್ತೇನೆ.

ಮೊದಲು ನೆಲ. ಜಾತ್ರೆ ಮೈದಾನದ ಸುಂಕ ವಸೂಲಿ ಹರಾಜಿಗೆ ಹೋಗುತ್ತದೆ. ಕೆಲವು ಕಡೆ ದೇವಸ್ಥಾನ ಸಮಿತಿ, ಕೆಲವು ಕಡೆ ಪಂಚಾಯಿತಿ. ಹರಾಜು ಹಿಡಿದವನು ತನ್ನ ದುಡ್ಡು ವಾಪಸ್ ಬರಬೇಕಲ್ಲ, ನಮಗೆ ಅಡಿ ಲೆಕ್ಕದಲ್ಲಿ ಜಾಗ ಕೊಡುತ್ತಾನೆ. ತೇರು ಬೀದಿ ಮೂಲೆ ಸಿಕ್ಕರೆ ಒಂದು ರೇಟ್, ಒಳಗೆ ಹೋದರೆ ಇನ್ನೊಂದು. ಒಳಗೆ ಹಾಕಿದರೆ ವ್ಯಾಪಾರ ಇಲ್ಲ, ಮೂಲೆಯಲ್ಲಿ ಹಾಕಿದರೆ ಲಾಭ ಇಲ್ಲ. ಅದರ ಮೇಲೆ ಬಲ್ಬಿಗೆ ಇಷ್ಟು ಅಂತ ಕರೆಂಟ್ ದುಡ್ಡು, ನೀರಿನ ಡ್ರಮ್ಮಿಗೆ ದುಡ್ಡು. ಮಧ್ಯೆ ಮಧ್ಯೆ ರಸೀದಿ ಪುಸ್ತಕ ಹಿಡಿದು ಬರುವವರು ಬೇರೆ. ಕೆಲವರ ಹತ್ತಿರ ಪುಸ್ತಕವೂ ಇರಲ್ಲ.

ಆಮೇಲೆ ಆಳುಗಳು. ಜಿಲೇಬಿ ಬಿಡುವವನು ಬೇರೆ, ಪಾಕ ನೋಡುವವನು ಬೇರೆ. ಪಾಕ ಹದ ತಪ್ಪಿದರೆ ಇಡೀ ಬಾಣಲೆ ಹಾಳು. ಅಂಥ ಕೈ ಇರುವವರು ಈಗ ಸಿಗುವುದೇ ಕಷ್ಟ. ಸಿಕ್ಕರೆ ದಿನಗೂಲಿ, ಊಟ, ಬೀಡಿ, ಬಸ್ ಚಾರ್ಜ್ ಎಲ್ಲ ನಮ್ಮದೇ. ಗ್ಯಾಸ್ ಮನೆ ಸಿಲಿಂಡರ್ ಅಲ್ಲ, 19 ಕೆಜಿಯ ಕಮರ್ಷಿಯಲ್. ಅದಕ್ಕೆ ಸಬ್ಸಿಡಿ ಗಿಬ್ಸಿಡಿ ಏನೂ ಇಲ್ಲ.

ಎಣ್ಣೆ ಕೇಳಲೇಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಕಚ್ಚಾ ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮೇಲಿನ ಸುಂಕ ಏರಿಸಿತು. ಎಲ್ಲಾ ಸೇರಿ 5.5 ಇದ್ದಿದ್ದು ಒಂದೇ ಏಟಿಗೆ ಶೇ. 27.5. ಆ ಸಲದ ಸೀಸನ್ನಿನಲ್ಲಿ ನಮಗೆ ಕೈ ಸುಟ್ಟಿತು.

ಇನ್ನು ಮಳೆ. ಒಂದು ಸಂಜೆ ಮಳೆ ಬಂದರೆ ಬತ್ತಾಸೆಲ್ಲ ನೀರೊಡೆಯುತ್ತದೆ. ಜಿಲೇಬಿ ಮರುದಿನಕ್ಕೆ ಮೆತ್ತಗಾಗುತ್ತದೆ. ನೀವು 480 ಅಂತ ಕೊಟ್ಟಿದ್ದರಲ್ಲಿ ಹಾಳಾದ ಮಾಲಿನ ದುಡ್ಡೂ ಸೇರಿರುತ್ತದೆ. ಕಾರ್ತಿಕದಿಂದ ವೈಶಾಖದವರೆಗೆ ದುಡಿದಿದ್ದರಲ್ಲೇ ಮಳೆಗಾಲ ಪೂರ್ತಿ ಸಂಸಾರ ನಡೆಯಬೇಕು.

ಹಾಸನದ_ಹುರಿಗಾಳು:
ಅಣ್ಣಾ, ಎಲ್ಲಾ ಒಪ್ಪಿದೆ. ಆದರೆ ಎಣ್ಣೆ ಸುಂಕವನ್ನು 2025ರ ಮೇ ಕೊನೆಯಲ್ಲಿ ಇಳಿಸಿದರಲ್ಲ, 27.5ರಿಂದ 16.5ಕ್ಕೆ? ಆಗ ಜಿಲೇಬಿ ರೇಟ್ ಇಳಿಯಿತಾ?

ಜಾತ್ರೆ_ಅಂಗಡಿ_ಮಗ:
ಇಳಿಯಲಿಲ್ಲ 😅 ಏರಿದ್ದು ಇಳಿದಿದ್ದು ಎಲ್ಲಾದರೂ ಕಂಡಿದ್ದೀರಾ? ಹೋಟೆಲ್ ಕಾಫಿ ಇಳಿಯಿತಾ?

ತುಪ್ಪದ_ದೋಸೆ:
ತುಪ್ಪ ಮಾತ್ರ ಒಮ್ಮೆ ಇಳಿದು ತೋರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕಡಿಮೆ ಆದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು. ನವೆಂಬರ್‌ನಲ್ಲಿ 700! ದೀಪಾವಳಿ ಮುಗಿದ ಮೇಲೆ ಏರಿಸಿದರು, ಅಷ್ಟೇ ಪುಣ್ಯ.

ಮಲ್ಲೇಶ್ವರಂ_ಅಜ್ಜಿಮೊಮ್ಮಗ:
ಜಾತ್ರೆ ಮೈಸೂರು ಪಾಕಿಗೂ ನಂದಿನಿ ತುಪ್ಪಕ್ಕೂ ಏನು ಸಂಬಂಧ? ಅದು ಡಾಲ್ಡಾ. ಅಂಗುಳಿಗೆ ಮೇಣ ಮೆತ್ತಿದ ಹಾಗೆ ಆಗುತ್ತದೆ. ಮೈಸೂರು ಪಾಕ್ ಮೊದಲು ಮಾಡಿದವರು ಅನ್ನುವ ಅರಮನೆ ಅಡುಗೆಯ ಕಾಕಾಸುರ ಮಾದಪ್ಪನವರು ನೋಡಿದ್ದರೆ ತಟ್ಟೆ ಎತ್ತಿ ಬಿಸಾಕುತ್ತಿದ್ದರು.

ಜಾತ್ರೆ_ಅಂಗಡಿ_ಮಗ:
ತುಪ್ಪದ್ದು ಮಾಡಿ ಕೆಜಿಗೆ ಎಂಟುನೂರು, ಒಂಬೈನೂರು ಅಂದರೆ ತಗೊಳ್ತೀರಾ ಸಾರ್? ಇದೇ ವೇದಿಕೆಯಲ್ಲಿ ಇನ್ನೊಂದು ಚರ್ಚೆ ಶುರು ಮಾಡ್ತೀರಿ.

ತಕ್ಕಡಿ_ಮೇಷ್ಟ್ರು:
ಕಾನೂನು ಕೇಳಿದ್ದಿರಿ. ತೂಕ ಅಳತೆಯ ಕೆಲಸ ಹತ್ತಿರದಿಂದ ಬಲ್ಲವನು ನಾನು, ಸ್ವಲ್ಪ ಉದ್ದ ಆಗುತ್ತದೆ.

ಬಿಡಿ ಮಿಠಾಯಿಗೆ ಸರ್ಕಾರ ಬೆಲೆ ಕಟ್ಟುವುದಿಲ್ಲ. 480 ಅಲ್ಲ, 1,000 ಹೇಳಿದರೂ ಅದು ವ್ಯಾಪಾರಿಯ ಇಷ್ಟ. ಎಂಆರ್‌ಪಿ ಅನ್ನುವುದು ಮೊದಲೇ ಕಟ್ಟಿಟ್ಟ ಪೊಟ್ಟಣಕ್ಕೆ ಮಾತ್ರ. ಆದ್ದರಿಂದ "ಊರಲ್ಲಿ 280, ಇಲ್ಲಿ 480" ಅಂತ ದೂರು ಕೊಟ್ಟರೆ ಏನೂ ಆಗಲ್ಲ.

ಆದರೆ ಅದೇ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಪಿನ್ ಹೊಡೆದು ಸಾಲಾಗಿ ನೇತುಹಾಕಿರುತ್ತಾರಲ್ಲ, ಅದರ ಕಥೆ ಬೇರೆ. ಗಿರಾಕಿ ಎದುರಿಗಿಲ್ಲದೆ ಮೊದಲೇ ಕಟ್ಟಿಟ್ಟಿದ್ದರೆ ಅದು ಪೊಟ್ಟಣ. ಅದರ ಮೇಲೆ ನಿವ್ವಳ ತೂಕ, ಎಂಆರ್‌ಪಿ, ಕಟ್ಟಿದವರ ಹೆಸರು ವಿಳಾಸ ಇರಲೇಬೇಕು. ಕಾನೂನು ಮಾಪನಶಾಸ್ತ್ರ ಕಾಯ್ದೆ 2009ರದು, ಪೊಟ್ಟಣಗಳ ನಿಯಮ 2011ರದು. ಜಾತ್ರೆಯಲ್ಲಿ ನೇತಾಡುವ ಚೀಲಗಳಲ್ಲಿ ಇದನ್ನೆಲ್ಲ ಬರೆದಿರುವುದು ಕಂಡರೆ ಫೋಟೋ ಹಾಕಿ, ನಾನೂ ನೋಡುತ್ತೇನೆ.

ಎರಡನೆಯದು ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ತೂಗಿ ಮಾರುವಂತಿಲ್ಲ. ಅನುಮಾನ ಬಂದರೆ ಜಗಳ ಬೇಡ. ಕೈಯಲ್ಲಿರುವ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ತಕ್ಕಡಿ ಮೇಲೆ ಇಡಿ. ನೀರು ಒಂದು ಕೆಜಿ, ಬಾಟಲಿಯದು ಅದರ ಮೇಲೆ ಒಂದಷ್ಟು ಗ್ರಾಂ. 1,150 ಅಂತ ತೋರಿಸಿದರೆ ತಕ್ಕಡಿ ಸರಿ ಇಲ್ಲ ಅಂತ ಇಬ್ಬರಿಗೂ ಗೊತ್ತಾಗುತ್ತದೆ.

ಮೂರನೆಯದು ಡಬ್ಬಿ. ರಟ್ಟಿನ ಡಬ್ಬಿ ಸಮೇತ ತೂಗಿದರೆ ಮಿಠಾಯಿ ರೇಟಿಗೆ ರಟ್ಟು ಕೊಂಡ ಹಾಗೆ. "ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ಹಾಕಿ" ಅನ್ನಿ. ಆ ಗುಂಡಿ ಎಲ್ಲಾ ತಕ್ಕಡಿಯಲ್ಲೂ ಇರುತ್ತದೆ.

ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ರಾಗಿಮುದ್ದೆ_ರಾಜ:
ನೀರಿನ ಬಾಟಲಿ ಐಡಿಯಾ ಸೂಪರ್ ಮೇಷ್ಟ್ರೇ. ಆದರೆ ಜಾತ್ರೆಯಲ್ಲಿ ಆ ನೀರಿನ ಬಾಟಲಿಗೂ ಎಂಆರ್‌ಪಿ ಮೇಲೆ ಹತ್ತು ರೂಪಾಯಿ ಕೀಳುತ್ತಾರೆ.

ತಕ್ಕಡಿ_ಮೇಷ್ಟ್ರು:
ಅದು ಖಂಡಿತ ತಪ್ಪು. ಅದಕ್ಕೆ ಫೋನ್ ಮಾಡಿ.

ಬಾಗಲಕೋಟಿ_ಅಕ್ಕ:
ನಮ್ಮ ಕಡೆ ಮಾತು ಸ್ವಲ್ಪ ಬೇರೆ ಐತ್ರೀ. ಬದಾಮಿ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾದರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಬಂದು ಕೂತಿರುತ್ತವೆ. ಅಷ್ಟು ದಿನ ಇರುವುದರಿಂದ ಮಿಠಾಯಿ ಅಂಗಡಿಯವರು ಮೊದಲ ದಿನವೇ ಎಲ್ಲಾ ಲಾಭ ಎತ್ತಬೇಕು ಅನ್ನುವ ಅವಸರದಲ್ಲಿ ಇರುವುದಿಲ್ಲ. ಹುಣ್ಣಿಮೆ ದಿನ ಕೇಳಿದ ರೇಟಿಗೂ, ಗದ್ದಲ ಇಳಿದ ಮೇಲೆ ಕೇಳಿದ ರೇಟಿಗೂ ಫರಕು ಇರುತ್ತದೆ. ನಾವು ಊರಿನವರು ತೇರಿನ ದಿನ ಬರೀ ನೋಡಿ ಬರುತ್ತೇವೆ, ಖರೀದಿ ಏನಿದ್ದರೂ ಆಮೇಲೆ. ಒಂದು ದಿನದ ಜಾತ್ರೆಯಲ್ಲಿ ಆ ಅನುಕೂಲ ಇಲ್ಲ ನೋಡ್ರಿ.

ಇನ್ನೊಂದು ಮಾತು. ಕರದಂಟು ದುಬಾರಿ ಅಂತ ಜಾತ್ರೆಯಲ್ಲಿ ಮೂಗು ಮುರಿಯುವವರನ್ನು ನೋಡಿದ್ದೇನೆ. ಅದರಲ್ಲಿ ಗೋಡಂಬಿ, ಬಾದಾಮಿ, ಒಣ ಕೊಬ್ಬರಿ ಇರುತ್ತದೆ. ತಿನ್ನುವ ಅಂಟನ್ನು ತುಪ್ಪದಲ್ಲಿ ಹುರಿದು ಬೆಲ್ಲದ ಪಾಕಕ್ಕೆ ಹಾಕುತ್ತಾರೆ. ಅಮೀನಗಡದಲ್ಲಿ ಹೋಗಿ ಕೇಳಿದರೂ ಅಗ್ಗಕ್ಕೆ ಸಿಗುವುದಿಲ್ಲ. ಜಾತ್ರೆಯಲ್ಲಿ ಯಾರಾದರೂ ಅಗ್ಗಕ್ಕೆ ಕರದಂಟು ಕೊಟ್ಟರೆ ಆಗ ಹೆದರಬೇಕು. ಒಳಗೆ ಬೆಲ್ಲ ಶೇಂಗಾ ಬಿಟ್ಟರೆ ಏನೂ ಇರಲ್ಲ.

ಶಿರಸಿ_ಕೋಕಂ:
ಇದಕ್ಕೇ ಬರೋಣ ಅಂತಿದ್ದೆ. ನಮ್ಮಲ್ಲಿ ಆಲೆಮನೆ ಹಬ್ಬಗಳಲ್ಲಿ ತೊಡದೇವು ಕಣ್ಣೆದುರೇ ಮಾಡಿ ಕೊಡುತ್ತಾರೆ. ಗಡಿಗೆಯನ್ನು ಬೋರಲು ಹಾಕಿ, ಕೆಳಗೆ ಬೆಂಕಿ, ಮೇಲೆ ಕಬ್ಬಿನ ಹಾಲು ಅಕ್ಕಿಹಿಟ್ಟಿನ ಬಂಧವನ್ನು ಬಟ್ಟೆಯಲ್ಲಿ ತೆಳ್ಳಗೆ ಎಳೆಯಬೇಕು. ಎಬ್ಬಿಸುವಾಗ ಸ್ವಲ್ಪ ತಡವಾದರೂ ಮುರಿಯುತ್ತದೆ. ಒಂದೊಂದೇ. ಹೊಗೆಯಲ್ಲಿ ಕೂತು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಮಾಡುತ್ತಾರೆ. ಒಂದು ತೊಡದೇವಿನಲ್ಲಿ ಹಿಟ್ಟು ಬೆಲ್ಲ ಎಷ್ಟಿದೆ ಅಂತ ತೂಗಿ ನೋಡಿದರೆ ಅದೂ "ಗಾಳಿಗೆ ದುಡ್ಡು" ಅನಿಸೀತು. ಆದರೆ ಅಲ್ಲಿ ಯಾರೂ ಚೌಕಾಸಿ ಮಾಡುವುದು ನಾನು ಕಂಡಿಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಕಾಣುತ್ತದೆ. ಒಂದಕ್ಕೆ ಇಷ್ಟು ಅಂತ ಮೊದಲೇ ಹೇಳಿರುತ್ತಾರೆ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹೊರಗಿನ ಮಿಠಾಯಿ ಅಂಗಡಿಗಳು ಬರುತ್ತವೆ, ರೇಟ್ ಜೋರೇ ಇರುತ್ತದೆ. ನಮ್ಮ ಆಯಿ ತೂಗುವುದಕ್ಕೆ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕೇಜಿಗೆ ಎಷ್ಟೋ ತಮಾ?" ಹುಡುಗ "ಕಾಲು ಕೇಜಿಗೆ..." ಅಂತ ಶುರು ಮಾಡಿದರೆ, "ಕಾಲು ಕೇಳಿದ್ದಲ್ಲ" ಅನ್ನುತ್ತಿದ್ದರು.

ಕಡ್ಲೆಪುರಿ_ತುಮಕೂರು:
ಆಯಿಗೆ ನಮಸ್ಕಾರ 🙏 ನನ್ನ ಸಿಟ್ಟು ಕೂಡ 480ರ ಮೇಲಲ್ಲ. 480 ಅಂತ ದೊಡ್ಡದಾಗಿ ಬರೆದಿದ್ದರೆ ಅಮ್ಮ ಕಾಲು ಕೆಜಿ ತಗೊಂಡು ಖುಷಿಯಾಗಿ ಬರುತ್ತಿದ್ದರು. ಮನೆ ತಲುಪುವವರೆಗೂ "ನಾನೇ ಸರಿಯಾಗಿ ನೋಡಲಿಲ್ಲ" ಅಂತ ಕೊರಗಿದರು. ಜಾತ್ರೆ ಖುಷಿಯೇ ಹೋಯಿತು. ಅದು ನನಗೆ ತಡೆಯಲಿಲ್ಲ.

ಜಾತ್ರೆ_ಅಂಗಡಿ_ಮಗ:
ಅಮ್ಮನ ವಿಷಯ ಕೇಳಿ ಬೇಜಾರಾಯಿತು ನಿಜ. ಆದರೆ ಕಾಲು ಕೆಜಿ ಬೋರ್ಡ್ ಮೋಸಕ್ಕೇ ಹಾಕಿದ್ದು ಅನ್ನಬೇಡಿ. ಜಾತ್ರೆಯಲ್ಲಿ ಹತ್ತರಲ್ಲಿ ಎಂಟು ಜನ ಕಾಲು ಕೆಜಿಯೇ ಕೇಳುವುದು.

ಹಾಸನದ_ಹುರಿಗಾಳು:
ಸರಿ ಅಣ್ಣಾ. ಹಾಗಾದರೆ "ಕಾಲು ಕೆಜಿ" ಅನ್ನುವ ಅಕ್ಷರವೂ 120ರಷ್ಟೇ ದಪ್ಪ ಇರಲಿ. ಬಣ್ಣ ಖಾಲಿಯಾಗುತ್ತದಾ?

ಜಾತ್ರೆ_ಅಂಗಡಿ_ಮಗ:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪಕ್ಕದವನು ಸಣ್ಣದಾಗಿ ಬರೆದು ನಾವು ದೊಡ್ಡದಾಗಿ 480 ಅಂತ ಬರೆದರೆ ಜನ ಅವನ ಹತ್ತಿರ ಹೋಗುತ್ತಾರೆ. ಎಲ್ಲರೂ ಒಟ್ಟಿಗೆ ಬದಲಾಯಿಸಿದರೆ ಅಣ್ಣ ನಾಳೆಯೇ ಬದಲಾಯಿಸುತ್ತಾನೆ.

ಬಸವನಗುಡಿ_ಬೀದಿ:
ಕಡಲೆಕಾಯಿ ಪರಿಷೆಯಲ್ಲಿ ಇದಕ್ಕೆ ನನ್ನದೇ ವಿಧಾನ ಇದೆ. ಬಸವಣ್ಣನ ದೇವಸ್ಥಾನದ ಎದುರಿಗೇ ಏನೂ ಕೊಳ್ಳುವುದಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮದ ಕಡೆ ನಡೆಯುತ್ತಾ ಹೋಗುತ್ತೇನೆ, ಕೇಳುತ್ತಾ ಹೋಗುತ್ತೇನೆ. ದೂರ ಹೋದಷ್ಟೂ ರೇಟ್ ಇಳಿಯುತ್ತದೆ. ಕಡಲೆಕಾಯಿ ಅಳತೆಯಲ್ಲಿ ಕೊಡುವುದರಿಂದ ಅಲ್ಲಿ ಇನ್ನೊಂದು ಆಟ, ಪಾವು ಸೇರಿನ ತಳ ನೋಡಿಕೊಳ್ಳಬೇಕು. ಕಾರ್ತಿಕದ ಕೊನೆ ಸೋಮವಾರ ಸಂಜೆ ಮಾತ್ರ ಯಾವ ವಿಧಾನವೂ ನಡೆಯಲ್ಲ. ಜನ ಎತ್ತಿಕೊಂಡು ಹೋಗಿ ಎಲ್ಲಿ ಬಿಡುತ್ತಾರೋ ಅಲ್ಲೇ ಖರೀದಿ.

ಕೊಪ್ಪಳದ_ಮಾದ್ಲಿ:
ನಮ್ಮ ಗವಿಮಠದ ಜಾತ್ರೆಗೆ ಬನ್ನಿ. ದಾಸೋಹದಲ್ಲಿ ರೊಟ್ಟಿ, ಪಲ್ಲೆ, ಮಾದ್ಲಿ, ಹಾಲು ಎಲ್ಲಾ ಪುಕ್ಕಟೆ. ಊರೂರಿನಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬಾ ರೊಟ್ಟಿ, ಮಾದ್ಲಿ ತಂದು ಸುರಿಯುತ್ತಾರೆ. ಹೊಟ್ಟೆ ತುಂಬಾ ಸಿಹಿ ತಿಂದ ಮೇಲೆ ಅಂಗಡಿ ಮಿಠಾಯಿ ರೇಟ್ ಕೇಳುವ ಮನಸ್ಸೇ ಬರಲ್ಲ.

ರಾಗಿಮುದ್ದೆ_ರಾಜ:
ಟಿಕೆಟ್ ಬುಕ್ ಮಾಡಿದೆ.

ಮ್ಯೂನಿಕ್_ಮಂಡ್ಯ:
ಇಲ್ಲಿಯೂ ಕ್ರಿಸ್‌ಮಸ್ ಸಂತೆಯಲ್ಲಿ ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ 100 ಗ್ರಾಂ ಲೆಕ್ಕದಲ್ಲೇ ಮಾರುವುದು. ರೂಪಾಯಿಗೆ ಲೆಕ್ಕ ಹಾಕಿದರೆ ನಿಮ್ಮ 780ನ್ನು ಮರೆತುಬಿಡುತ್ತೀರಿ. ಆದರೆ ಬೆಲೆ ಕಾಣುವ ಹಾಗೆ ಬರೆಯುವುದು ಕಡ್ಡಾಯ. ಊರಿಗೆ ಬಂದಾಗ ನಮ್ಮಮ್ಮನಿಗೆ ಜಾತ್ರೆ ಖರ್ಚು ಯೂರೋದಲ್ಲಿ ಹೇಳಿ ಸಮಾಧಾನ ಮಾಡಲು ಹೋದರೆ ಬೈಗುಳ ಜಾಸ್ತಿ ಆಗುತ್ತದೆ.

ಸಮಿತಿ_ಕಾರ್ಯದರ್ಶಿ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮದು ಸಣ್ಣ ಊರು, ಸಣ್ಣ ಜಾತ್ರೆ. ಮೂವತ್ತು ನಲವತ್ತು ಅಂಗಡಿ ಬರುತ್ತವೆ. ಹರಾಜು ನಾವೇ ನಡೆಸುತ್ತೇವೆ. ಅಂಗಡಿ ಹುಡುಗ ಹೇಳಿದ್ದು ನಿಜ, ಹರಾಜಿನ ದುಡ್ಡು ಏರಿಸಿದಷ್ಟೂ ಸಮಿತಿಯಲ್ಲಿ ಚಪ್ಪಾಳೆ. ಆ ದುಡ್ಡು ಕೊನೆಗೆ ಯಾರ ಜೇಬಿನಿಂದ ಬರುತ್ತದೆ ಅಂತ ಯಾರೂ ಕೇಳಲ್ಲ. ನಮ್ಮೂರ ಜನ ನಮ್ಮೂರ ಜಾತ್ರೆಯಲ್ಲಿ ಮಿಠಾಯಿಗೆ ಜಾಸ್ತಿ ಕೊಟ್ಟು, ಅದೇ ದುಡ್ಡಲ್ಲಿ ಮಂಟಪಕ್ಕೆ ಟೈಲ್ಸ್ ಹಾಕಿಸಿದ ಹಾಗೆ ಆಗುತ್ತದೆ.

ಹರಾಜು ಇಳಿಸುವುದು ನನ್ನೊಬ್ಬನ ಕೈಯಲ್ಲಿಲ್ಲ. ಆದರೆ ಬೋರ್ಡಿನ ವಿಷಯ ಷರತ್ತಿನಲ್ಲಿ ಸೇರಿಸಬಹುದು. ಎಲ್ಲರಿಗೂ ಒಂದೇ ಷರತ್ತು ಅಂದರೆ ಪಕ್ಕದ ಅಂಗಡಿ ತೊಂದರೆ ಇರಲ್ಲ ಅಲ್ವಾ? ಯಾರಾದರೂ ಬರೆದು ಕೊಡುತ್ತೀರಾ? ಮುಂದಿನ ವಾರ ಸಭೆ ಇದೆ.

ತಕ್ಕಡಿ_ಮೇಷ್ಟ್ರು:
ಇದು ಸಾಕು ನೋಡಿ:

"ತೂಕದಲ್ಲಿ ಮಾರುವ ಎಲ್ಲಾ ಸಿಹಿ, ಖಾರ ತಿಂಡಿಗಳ ಒಂದು ಕೆಜಿ ಬೆಲೆಯನ್ನು ಅಂಗಡಿಯ ಮುಂದೆ ಕನ್ನಡದಲ್ಲಿ ಬರೆಯಬೇಕು. ಕಾಲು ಕೆಜಿ, ನೂರು ಗ್ರಾಂ ಬೆಲೆ ಬರೆಯುವುದಾದರೆ ಅದರ ಪಕ್ಕದಲ್ಲೇ ಕೆಜಿ ಬೆಲೆಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಮುದ್ರೆ ಇರುವ ತಕ್ಕಡಿಯನ್ನು ಗಿರಾಕಿಗೆ ಅಂಕಿ ಕಾಣುವ ಹಾಗೆ ಇಡಬೇಕು. ಡಬ್ಬಿಯ ತೂಕ ಕಳೆಯಬೇಕು. ತಪ್ಪಿದರೆ ಮುಂದಿನ ವರ್ಷ ಜಾಗ ಇಲ್ಲ."

ಜಾತ್ರೆ_ಅಂಗಡಿ_ಮಗ:
ಒಂದು ಸೇರಿಸಿ. "ಹರಾಜುದಾರರು ನಿಗದಿಯಾದ ನೆಲ ಬಾಡಿಗೆ ಬಿಟ್ಟು ಬೇರೆ ಯಾವ ಹಣವನ್ನೂ ಕೇಳಬಾರದು, ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು." ನೀವು ನಮ್ಮ ಬೋರ್ಡ್ ನೋಡುತ್ತೀರಿ, ಅವರ ಬೋರ್ಡನ್ನೂ ಯಾರಾದರೂ ನೋಡಬೇಕಲ್ಲ.

ಸಮಿತಿ_ಕಾರ್ಯದರ್ಶಿ:
ಸೇರಿಸಿದೆ. ಬಲ್ಬಿನ ದರವನ್ನೂ ಅದರಲ್ಲೇ ಬರೆಯುತ್ತೇನೆ.

ಆಹಾರ_ಪರೀಕ್ಷೆ:
"ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವಂತಿಲ್ಲ" ಅನ್ನುವುದೂ ಇರಲಿ. ಅದು ಹೇಗೂ ಸರ್ಕಾರದ ಆದೇಶವೇ.

ಶಿರಸಿ_ಕೋಕಂ:
"ಕನ್ನಡದಲ್ಲಿ" ಅಂತ ಬರೆದಿದ್ದೀರಿ, ಅಂಕಿಯ ಎತ್ತರವನ್ನೂ ಬರೆಯಿರಿ. ಕಡಿಮೆ ಅಂದರೆ ಮೂರು ಇಂಚು ಅನ್ನಿ. ಇಲ್ಲದಿದ್ದರೆ ಎರಡನ್ನೂ ಇರುವೆ ಗಾತ್ರದಲ್ಲಿ ಬರೆದು "ಒಂದೇ ಅಳತೆ ಇದೆ ಸ್ವಾಮಿ" ಅನ್ನುತ್ತಾರೆ.

ಜಾತ್ರೆ_ಅಂಗಡಿ_ಮಗ:
ಅಕ್ಕಾ, ನೀವು ನಮ್ಮ ಅಂಗಡಿಗೆ ಬರಬೇಡಿ 😂

ಸಮಿತಿ_ಕಾರ್ಯದರ್ಶಿ:
ಮೂರು ಇಂಚು ಅಂತಲೇ ಹಾಕಿದ್ದೇನೆ. ಸಭೆ ಆದ ಮೇಲೆ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ಟೈಲ್ಸ್ ಪಾರ್ಟಿಯವರು ಒಪ್ಪಿದರೆ.